ಚಕ್ರದ ನಟ್ ಬಿಚ್ಚಲ್ವಾ? ಗ್ಯಾಸ್ ಹಚ್ಚೋ ಮುಂಚೆ ಇದನ್ನ ಕೇಳಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ರೋಡುಗಳಲ್ಲಿ ಓಡಾಡೋರಿಗೆ ಜಲ್ಲಿ, ಎಂ-ಸ್ಯಾಂಡ್ ಹೊತ್ತ ಟಿಪ್ಪರ್‌ಗಳು ಹೊಸದೇನಲ್ಲ. ಅವುಗಳ ಚಕ್ರದ ನಟ್ ತುಕ್ಕು ಹಿಡಿದು ಕೂತ್ರೆ ಯಾವ ಟೂಲ್ ಹಿಡೀಬೇಕು? ಗ್ಯಾರೇಜ್ ಕೆಲಸ ಕಲೀತಿರೋರು, ಲಾರಿ ಕ್ಲೀನರ್‌ಗಳು ಪೂರ್ತಿ ಕೇಳಿ. ಇಲ್ಲಿ ತಪ್ಪಿದ್ರೆ ಜೀವಕ್ಕೇ ಅಪಾಯ.

ಮೊದಲು ಕಾರಣ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗಿಂತ ಹೆಚ್ಚಾಗುತ್ತೆ. ಥ್ರೆಡ್ ನಡುವಿನ ಸಣ್ಣ ಸಂದಿಯಲ್ಲಿ ಅದು ಉಬ್ಬಿ, ನಟ್ಟನ್ನ ಒತ್ತಿ ಹಿಡಿಯುತ್ತೆ. ಹಾಗಾಗಿ ಬಲ ಹಾಕೋಕೆ ಮುಂಚೆ ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸೋ ಸ್ಪ್ರೇ ಹಾಕಿ 15–20 ನಿಮಿಷ ಬಿಡಿ. ಬ್ರೇಕ್ ಕಡೆ ಸೋರದ ಹಾಗೆ ನೋಡ್ಕೊಳ್ಳಿ.

ಎರಡನೇದು ಸಾಕೆಟ್. ಓಪನ್ ಸ್ಪ್ಯಾನರ್ ನಟ್ಟಿನ ಎರಡೇ ಮುಖ ಹಿಡಿಯುತ್ತೆ, ಜಾರಿದ್ರೆ ಮೂಲೆ ಸವೆದು ಹೋಗುತ್ತೆ. ಸರಿಯಾದ ಅಳತೆಯ, ಆರು ಮೂಲೆ ಸಾಕೆಟ್ ಹಾಕಿ. ಏರ್ ಗನ್ ಬಳಸೋದಾದ್ರೆ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಬೇಕು. ಹೊಳೆಯೋ ಕ್ರೋಮ್ ಸಾಕೆಟ್ ಆ ಹೊಡೆತಕ್ಕೆ ಸಿಡಿಯಬಹುದು.

ಮೂರನೇದು ಉದ್ದ. 60 ಕೆಜಿ ತೂಕದವರು 1 ಮೀಟರ್ ಹಿಡಿಯ ತುದಿಗೆ ಪೂರ್ತಿ ಭಾರ ಬಿಟ್ರೆ ಸುಮಾರು 590 ನ್ಯೂಟನ್ ಮೀಟರ್ ತಿರುಚು ಬಲ ಸಿಗುತ್ತೆ. ಅರ್ಧ ಮೀಟರ್ ಆದ್ರೆ ಅದರ ಅರ್ಧ ಅಷ್ಟೇ. ಆದ್ರೆ ಸಣ್ಣ ಸ್ಪ್ಯಾನರ್‌ಗೆ ಪೈಪ್ ತೂರಿಸಿ ಮೇಲೆ ಹತ್ತಿ ಕುಣೀಬೇಡಿ. ಅದು ಮುರಿದ್ರೆ ನೀವು ಬೀಳ್ತೀರಿ. ಗೇರ್ ಇರೋ ವೀಲ್ ಸ್ಪ್ಯಾನರ್ ಸಿಗುತ್ತೆ. ಕೈಯಲ್ಲಿ ಹಲವು ಸುತ್ತು ತಿರುಗಿಸಿದ್ರೆ ನಟ್ ಒಂದು ಸುತ್ತು ಬರುತ್ತೆ, ಬಲ ಮಾತ್ರ ಹಲವು ಪಟ್ಟು. ನಟ್ ಸಡಿಲ ಮಾಡೋದು ಚಕ್ರ ನೆಲದ ಮೇಲಿರುವಾಗಲೇ, ಜಾಕಿ ಆಮೇಲೆ. ಗಾಲಿಗೆ ಕಟ್ಟೆ ಕೊಡೋದು ಮರೀಬೇಡಿ.

ಇನ್ನೊಂದು ವಿಷಯ: ಕೆಲವು ಹಳೇ ಲಾರಿಗಳ ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್ ಇರುತ್ತೆ. ದಿಕ್ಕು ನೋಡದೆ ಬಲ ಹಾಕಿದ್ರೆ ಬಿಚ್ಚೋ ಬದಲು ಬಿಗೀತಾ ಇರ್ತೀರಿ.

ಈಗ ಗ್ಯಾಸ್ ವಿಷಯ. ಚಾಸಿಯಲ್ಲಿ, ಡೀಸೆಲ್ ಟ್ಯಾಂಕು, ಏರ್ ಪೈಪುಗಳಿಂದ ದೂರ ಇರೋ ಬೋಲ್ಟಿಗೆ, ಸ್ಪ್ರೇ ಒರೆಸಿ ಶಾಖ ಕೊಡಬಹುದು. ಟೈರ್ ಕೂತಿರೋ ಚಕ್ರಕ್ಕೆ ಬೇಡವೇ ಬೇಡ. ರಿಮ್ ಕಾದ್ರೆ ಒಳಗಿನ ರಬ್ಬರ್‌ನಿಂದ ಉರಿಯೋ ಅನಿಲ ಬಿಡುಗಡೆಯಾಗಿ ಟೈರ್ ಸ್ಫೋಟಿಸಬಹುದು. ಗಾಳಿ ಇಳಿಸಿದ್ರೂ ಅಪಾಯ ಹೋಗಲ್ಲ. ಬೆಂಕಿ ಆರಿಸಿದ ಮೇಲೂ ಸಿಡಿಯಬಹುದು. ಯಾವುದಕ್ಕೂ ಬಗ್ಗದ ನಟ್ಟನ್ನ ನಟ್ ಸ್ಪ್ಲಿಟರ್‌ನಿಂದ ಸೀಳಿಸಿ, ಹೊಸ ನಟ್, ಬೋಲ್ಟ್ ಹಾಕಿಸಿ. ನಟ್ಟಿನ ಖರ್ಚು ಜೀವಕ್ಕಿಂತ ದೊಡ್ಡದಲ್ಲ.

ಯಾವ ಟೂಲೂ ಹಾಕಬಾರದ ಜಾಗವೂ ಒಂದಿದೆ. ಹಿಂದಿನ ಆಕ್ಸಲ್ ಹತ್ತಿರ ಡಬ್ಬಿ ಥರ ಇರೋ ಸ್ಪ್ರಿಂಗ್ ಬ್ರೇಕ್ ಚೇಂಬರ್. ಅದರೊಳಗೆ ನೂರಾರು ಕೆಜಿ ಬಲದಲ್ಲಿ ಅದುಮಿಟ್ಟ ಸ್ಪ್ರಿಂಗ್ ಇರುತ್ತೆ. ಅದರ ಕ್ಲಾಂಪ್ ಬಿಚ್ಚಿದ್ರೆ ಗುಂಡಿನ ಹಾಗೆ ಹಾರುತ್ತೆ. ಕೆಟ್ಟಿದ್ರೆ, ಗೊತ್ತಿರೋ ಮೆಕ್ಯಾನಿಕ್ ಕೈಲೇ ಪೂರ್ತಿ ಚೇಂಬರ್ ಬದಲಾಯಿಸಿ.

ಚಕ್ರ ವಾಪಸ್ ಹಾಕುವಾಗ ಟಾರ್ಕ್ ರೆಂಚ್‌ನಲ್ಲಿ, ಕಂಪನಿ ಹೇಳಿದಷ್ಟೇ ಬಿಗಿ ಮಾಡಿ. ಸ್ವಲ್ಪ ದೂರ ಓಡಿದ ಮೇಲೆ ಮತ್ತೆ ಚೆಕ್ ಮಾಡಿ.

ಅಂಗಡಿಯಲ್ಲಿ ಯಾರಾದ್ರೂ ಅವಸರಕ್ಕೆ ಗ್ಯಾಸ್ ಹಚ್ಚೋಕೆ ಹೋದ್ರೆ ಸಂಕೋಚ ಬೇಡ. "ಅಣ್ಣಾ, ಟೈರ್ ಇದೆ, ಗ್ಯಾಸ್ ಬೇಡ" ಅಂತ ಹೇಳಿಬಿಡಿ.