ಟೆರಿಕಾಟ್ ಷರ್ಟಿನ ಮೇಲೆ ಸುಟ್ಟು ಅರಳಿಸುವ ಹೂವು

ಸಕ್ಕರೆಯ ಮೇಲೆ ಗಂಧಕಾಮ್ಲ ಬಿದ್ದರೆ ಬೆಳ್ಳಗಿದ್ದದ್ದು ಕರ್ರಗಿನ ಇದ್ದಿಲಾಗಿ ಉಬ್ಬುವುದನ್ನು ಹೈಸ್ಕೂಲಿನಲ್ಲಿ ನೋಡಿದವರಿದ್ದಾರೆ. ಹತ್ತಿಯೂ ಸಕ್ಕರೆಯ ದಾಯಾದಿಯೇ. ಅದರ ಸೆಲ್ಯುಲೋಸ್ ಎಂದರೆ ಗ್ಲೂಕೋಸಿನ ಉದ್ದನೆಯ ಸರಪಳಿ. ಸಕ್ಕರೆ ನಾಡಾದ ಮಂಡ್ಯದವರಿಗೆ, ಬಟ್ಟೆಯನ್ನು ಆಮ್ಲದಿಂದ ಸುಟ್ಟು ಹೂವು ಮೂಡಿಸುವ ಬರ್ನ್‌ಔಟ್ ಪ್ರಿಂಟ್ ಅರ್ಥ ಮಾಡಿಸಲು ಇದಕ್ಕಿಂತ ಹತ್ತಿರದ ದಾರಿ ಕಾಣೆ. ಆಮ್ಲ ಹತ್ತಿಯನ್ನು ತಿನ್ನುತ್ತದೆ, ಪಾಲಿಯೆಸ್ಟರನ್ನು ಮುಟ್ಟುವುದಿಲ್ಲ. ಹತ್ತಿ ಹೋದ ಕಡೆ ಬಟ್ಟೆ ಸೊಳ್ಳೆಪರದೆಯಂತೆ ತೆಳ್ಳಗಾಗಿ ಹೂವು ಮೂಡುತ್ತದೆ.

ಹಾಗಾಗಿ ಮೊದಲು ನೋಡಬೇಕಾದ್ದು ಲೇಬಲ್. ಗೆಜ್ಜಲಗೆರೆ ಕಡೆ ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 65 ಪಾಲು ಪಾಲಿಯೆಸ್ಟರ್, 35 ಪಾಲು ಹತ್ತಿಯ ಟೆರಿಕಾಟ್ ಆಗುತ್ತದೆ. ಅರ್ಧಕ್ಕರ್ಧ ಇದ್ದರೆ ಹೂವು ಇನ್ನೂ ಎದ್ದು ಕಾಣುತ್ತದೆ. ಬರೀ ಹತ್ತಿಯಾದರೆ ತೂತೇ ಗತಿ. ಮಳವಳ್ಳಿ ಕಡೆಯ ರೇಷ್ಮೆ ಪ್ರೋಟೀನಿನ ನೂಲಾದ್ದರಿಂದ ತಾಳಿಕೊಳ್ಳುತ್ತದೆ; ಹೀಗೆಯೇ ಸುಟ್ಟು ಹೂವು ಮೂಡಿಸುವ ಫ್ರಾನ್ಸಿನ ದೆವೊರೆ ಮಖಮಲ್ಲು ನಿಂತಿರುವುದೇ ಈ ಗುಣದ ಮೇಲೆ.

ಬಟ್ಟೆಗೆ ಹಚ್ಚುವ ಒಂದು ಕಿಲೋ ಪೇಸ್ಟಿಗೆ ಆಮ್ಲದ ಕೆಲಸ ಮಾಡುವ ಸೋಡಿಯಂ ಬೈಸಲ್ಫೇಟ್ ಸುಮಾರು 200 ಗ್ರಾಂ, 50 ಗ್ರಾಂ ಗ್ಲಿಸರಿನ್, ಉಳಿದದ್ದು ನೀರು ಮತ್ತು ಅಂಟು. ಅಂಟಿಗೆ ಗ್ವಾರ್ ಗಮ್ ಒಳ್ಳೆಯದು. ನಮ್ಮ ಗೋರಿಕಾಯಿ ಬೀಜದ್ದೇ ಅದು. ಬಣ್ಣದ ಪ್ರಿಂಟಿಗೆ ಬಳಸುವ ಆಲ್ಜಿನೇಟ್ ಬೇಡ, ಆಮ್ಲಕ್ಕೆ ಗಟ್ಟಿಯಾಗಿಬಿಡುತ್ತದೆ. ಸ್ಕ್ರೀನಿನ ಜಾಲರಿ ಸ್ವಲ್ಪ ದೊಡ್ಡ ಕಣ್ಣಿನದಿರಲಿ, ಸ್ಕ್ವೀಜಿಯನ್ನು ಎರಡು ಸಲ ಎಳೆಯಿರಿ. ಪೇಸ್ಟು ನೂಲಿನೊಳಕ್ಕೆ ಇಳಿಯಬೇಕು.

ಚೆನ್ನಾಗಿ ಒಣಗಿದ ಮೇಲೆ ಬಿಸಿ. ಕಾರ್ಖಾನೆಯಲ್ಲಾದರೆ 150 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ನಿಮಿಷ. ಮನೆಯಲ್ಲಿ ಮೇಲೊಂದು ಹಳೇ ಬಟ್ಟೆ ಹಾಕಿ ಒಣ ಇಸ್ತ್ರಿ. ಕೆಲಸ ಕೆಡುವುದು ಇಲ್ಲೇ. ಹೂವಿನ ಜಾಗ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದೊಡನೆ ನಿಲ್ಲಿಸಿ. ಕರ್ರಗಾದರೆ ಕಲೆ ಪಾಲಿಯೆಸ್ಟರಿಗೆ ಅಂಟಿ ಕೂರುತ್ತದೆ. ಆಮೇಲೆ ನೀರಿನಡಿ ಉಜ್ಜಿದರೆ ಸುಟ್ಟ ಹತ್ತಿ ಪುಡಿಯಾಗಿ ಉದುರುತ್ತದೆ.

ಹೊಲಿದ ಷರ್ಟಿಗಿಂತ ಕತ್ತರಿಸಿದ ತುಂಡಿನ ಮೇಲೆ ಪ್ರಿಂಟ್ ಹಾಕುವುದು ಜಾಣತನ. ಹೊಲಿಗೆಯ ದಾರ ಹತ್ತಿಯದಾಗಿದ್ದು ಪೇಸ್ಟು ತಾಗಿತೋ, ತೋಳು ಕೈಗೇ ಬರುತ್ತದೆ.

ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಬಿಸಿ ಮಾಡುವಾಗ ಹೊಗೆ ಬರುತ್ತದೆ, ಕಿಟಕಿ ತೆರೆದಿರಲಿ. ತೊಳೆದ ನೀರು ಆಮ್ಲ. ನೊರೆ ಬರುವುದು ನಿಲ್ಲುವ ತನಕ ವಾಷಿಂಗ್ ಸೋಡಾ ಹಾಕಿ, ಆಮೇಲಷ್ಟೇ ಚರಂಡಿಗೆ ಬಿಡಿ. ಮದ್ದೂರಿನಲ್ಲಿ ಪಕ್ಕದಲ್ಲೇ ಶಿಂಷೆ ಹರಿಯುತ್ತಾಳೆ.