ಹುಳಿಹಿಟ್ಟಿಗೆ ಪುಟ್ಟ ರೋಲೇ ಸರಿ

2020ರ ಲಾಕ್‌ಡೌನಿನಲ್ಲಿ ಅಂಗಡಿಯ ಯೀಸ್ಟ್ ಖಾಲಿಯಾದಾಗ ಹಲವು ದೇಶಗಳ ಜನ ಹಿಟ್ಟಿಗೆ ನೀರು ಕಲಸಿಟ್ಟು ತಾವೇ ಹುಳಿ ಬರಿಸಿಕೊಳ್ಳಲು ಹೊರಟರು. ಆ ಹುಮ್ಮಸ್ಸಿನ ಜೊತೆಗೇ ಒಂದು ಚಿತ್ರವೂ ಮನೆಮನೆಗೆ ಬಂತು: ಕಂದುಗಪ್ಪಾಗಿ ಬೆಂದ ದಪ್ಪ ತೊಗಟೆ, ಅದರ ಮೇಲೆ ಬ್ಲೇಡಿನಿಂದ ಎಳೆದ ಗೀರು, ಕತ್ತರಿಸಿದರೆ ಬೆರಳು ತೂರುವಷ್ಟು ದೊಡ್ಡ ತೂತುಗಳು. ಸವರ್‌ಡೋ, ಅಂದರೆ ಹುಳಿಹಿಟ್ಟಿನ ಬ್ರೆಡ್ಡು, ಇದೇ ಎಂಬ ನಂಬಿಕೆ ಬೇರೂರುವುದರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬೇಕರ್ ಚಾಡ್ ರಾಬರ್ಟ್‌ಸನ್ 2010ರಲ್ಲಿ ತಂದ ‘ಟಾರ್ಟೀನ್ ಬ್ರೆಡ್’ ಪುಸ್ತಕದ ಪಾಲೂ ದೊಡ್ಡದು. ಆ ಬ್ರೆಡ್ಡು ಚೆಂದವೇ, ಎರಡು ಮಾತಿಲ್ಲ. ಆದರೆ ಮನೆಯಲ್ಲಿ ಹುಳಿಹಿಟ್ಟಿನ ಬೇಕಿಂಗ್ ಶುರು ಮಾಡುವವರಿಗೆ ಅದನ್ನೇ ಮೊದಲ ಪಾಠ ಮಾಡುವುದು ತಲೆಕೆಳಗಾದ ಕ್ರಮ. ಮೊದಲು ಕೈಹಾಕಬೇಕಾದದ್ದು ಅಮೆರಿಕದವರ ಊಟದ ಮೇಜಿನ ಡಿನ್ನರ್ ರೋಲಿಗೆ, ಅಂದರೆ ಹಾಲು-ಬೆಣ್ಣೆ ಹಾಕಿ, ಟ್ರೇಯಲ್ಲಿ ಒತ್ತೊತ್ತಾಗಿ ಜೋಡಿಸಿ ಬೇಯಿಸುವ ಮೆತ್ತನೆಯ ಪುಟ್ಟ ಬನ್ನಿಗೆ.

ಕಾರಣ ಮೊದಲಿಗೆ ಒಲೆಯಲ್ಲೇ ಇದೆ. ದೊಡ್ಡ ಲೋಫಿಗೆ ಎರಡು ಬೇಕು: 230ರಿಂದ 250 ಡಿಗ್ರಿ ಶಾಖ, ಮತ್ತು ಮೊದಲ ಇಪ್ಪತ್ತು ನಿಮಿಷ ಸುತ್ತ ನಿಲ್ಲುವ ಹಬೆ. ಹಬೆ ಇಲ್ಲದಿದ್ದರೆ ಮೇಲ್ಪದರ ಬೇಗ ಒಣಗಿ ಗಟ್ಟಿಯಾಗುತ್ತದೆ, ಒಳಗಿನ ಗಾಳಿಗೆ ಉಬ್ಬಲು ಜಾಗವಿರುವುದಿಲ್ಲ. ಹಾಗಾಗಿ ಭಾರದ ಕಬ್ಬಿಣದ ಮುಚ್ಚಳಪಾತ್ರೆಯನ್ನು ಮುಕ್ಕಾಲು ಗಂಟೆ ಕಾಯಿಸಿ, ಅದರೊಳಗೆ ಹಿಟ್ಟನ್ನು ಇಳಿಸಬೇಕು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಓಟಿಜಿ ಎಂಬ ಪುಟ್ಟ ವಿದ್ಯುತ್ ಒಲೆ. ಅದರ ಬಾಗಿಲ ಸಂದಿಯಲ್ಲಿ ಹಬೆ ಸೋರುತ್ತದೆ, ಕಾಯುವ ರಾಡು ಹಿಟ್ಟಿನ ನೆತ್ತಿಗೆ ತೀರಾ ಹತ್ತಿರ, ದೊಡ್ಡ ಪಾತ್ರೆ ಹಿಡಿಸುವುದೂ ಕಷ್ಟ. ರೋಲಿಗೆ 190 ಡಿಗ್ರಿ ಸಾಕು, ಇಪ್ಪತ್ತು ಇಪ್ಪತ್ತೈದು ನಿಮಿಷ ಸಾಕು, ಹಬೆ ಬೇಕೇ ಇಲ್ಲ. ಮೇಲೆ ಹಾಲು ಸವರಿದರೆ ಪದರ ಒಣಗುವುದಿಲ್ಲ, ಒಳಗಿನ ಬೆಣ್ಣೆ ಅದನ್ನು ಹೇಗೂ ಮೆತ್ತಗಿಡುತ್ತದೆ. ಇನ್ನು ಹಿಟ್ಟಿನ ವಿಷಯ. ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಗಟ್ಟಿಯಾಗಿರುವ ಬ್ರೆಡ್ ಹಿಟ್ಟು ವಿದೇಶದಲ್ಲಿ ಸಲೀಸಾಗಿ ಸಿಗುತ್ತದೆ. ನಮ್ಮ ಕಿರಾಣಿ ಅಂಗಡಿಯ ಮೈದಾದಲ್ಲಿ ಪ್ರೋಟೀನ್ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಅಂಥ ಹಿಟ್ಟಿನ ದೊಡ್ಡ ಉಂಡೆ ತನ್ನ ಭಾರಕ್ಕೆ ತಾನೇ ಅಗಲವಾಗಿ ಹರಡಿಕೊಳ್ಳುತ್ತದೆ. ಟ್ರೇಯಲ್ಲಿ ಮಗ್ಗುಲಿಗೆ ಮಗ್ಗುಲು ಕೂತ ಹನ್ನೆರಡು ಸಣ್ಣ ಉಂಡೆಗಳು ಒಂದನ್ನೊಂದು ತಡೆದು ನಿಲ್ಲಿಸುವುದರಿಂದ ಹರಡಲು ದಾರಿಯಿಲ್ಲ, ಮೇಲಕ್ಕೇ ಏಳಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಇತಿಹಾಸದ್ದು. ಡಿನ್ನರ್ ರೋಲ್ ಹುಟ್ಟಿದ್ದೇ ಅಂಗಡಿ ಯೀಸ್ಟಿನ ಕಾಲದಲ್ಲಿ, ಅದಕ್ಕೆ ಹುಳಿಹಿಟ್ಟು ಸೇರಿಸುವುದು ಬರೀ ಫ್ಯಾಷನ್ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಸಿನ್ಸಿನಾಟಿಯ ಫ್ಲೈಷ್‌ಮನ್ ಸೋದರರು ಅಚ್ಚು ಯೀಸ್ಟ್ ತಯಾರಿಸಲು ತೊಡಗಿದ್ದು 1868ರಲ್ಲಿ. ಬೋಸ್ಟನ್‌ನ ಪಾರ್ಕರ್ ಹೌಸ್ ಹೋಟೆಲಿನ ಮಡಚಿದ ಬೆಣ್ಣೆ ರೋಲ್ ಹೆಸರು ಮಾಡಿದ್ದು ಅದರ ಬೆನ್ನಿಗೇ, 1870ರ ದಶಕದಲ್ಲಿ. ಆದರೆ ಬೆಣ್ಣೆ, ಸಕ್ಕರೆ ತುಂಬಿದ ಮೆತ್ತನೆಯ ಹಿಟ್ಟನ್ನು ಹುಳಿಯಿಂದ ಉಬ್ಬಿಸಲಾಗದು ಎಂಬ ತೀರ್ಮಾನಕ್ಕೆ ಇಟಲಿಯ ಪನೆಟ್ಟೋನೆ ನೇರ ಉತ್ತರ. ಕ್ರಿಸ್‌ಮಸ್‌ನ ಈ ಗೋಪುರದಾಕಾರದ ಸಿಹಿ ಬ್ರೆಡ್ಡಿನಲ್ಲಿ ಬೆಣ್ಣೆ ಶೇಕಡ 16ಕ್ಕಿಂತ ಕಡಿಮೆ ಇರಬಾರದು, ಅದು ಸಹಜ ಹುಳಿಹಿಟ್ಟಿನಿಂದ ಉಬ್ಬಿರಬೇಕು ಎಂದು ಅಲ್ಲಿನ ಸರ್ಕಾರ 2005ರ ಆದೇಶದಲ್ಲಿ ವಿಧಿಸಿದೆ. ನಮ್ಮ ಡಿನ್ನರ್ ರೋಲ್ ಅದರ ಮುಂದೆ ಬಡಪಾಯಿ ಹಿಟ್ಟು. ಪನೆಟ್ಟೋನೆ ತಿಂದವರಾರೂ ಅದನ್ನು ಹುಳಿ ಎನ್ನುವುದಿಲ್ಲ ಎಂಬುದನ್ನೂ ಇಲ್ಲೇ ಗಮನಿಸಬೇಕು. ಪ್ಯಾಕೆಟ್ ಯೀಸ್ಟ್ ಬರುವ ಮುಂಚೆ ಲೋಕವೇನೂ ಉಬ್ಬದ ರೊಟ್ಟಿ ತಿಂದುಕೊಂಡಿರಲಿಲ್ಲ. ಗೋವೆಯ ಪಾವ್, ಮಂಗಳೂರು ಕಡೆಯ ಕಥೋಲಿಕರ ಮನೆಯ ಸನ್ನ ಎರಡೂ ಶೇಂದಿಯ ಯೀಸ್ಟಿನಿಂದ ಉಬ್ಬಿದವೇ.

ಹಾಗಾದರೆ ಸ್ಟಾರ್ಟರ್ ಎಂಬ ಆ ಕಲಸಿಟ್ಟ ಹಿಟ್ಟಿನಲ್ಲಿ ಇರುವುದೇನು? ಕಾಡು ಯೀಸ್ಟ್, ಜೊತೆಗೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ. ಯೀಸ್ಟ್ ಗಾಳಿ ತುಂಬುತ್ತದೆ, ಬ್ಯಾಕ್ಟೀರಿಯಾ ಹುಳಿ ಮತ್ತು ಪರಿಮಳ ಕೊಡುತ್ತದೆ. ಇವು ಹೆಚ್ಚಾಗಿ ಬರುವುದು ಹಿಟ್ಟಿನಿಂದಲೇ; ಕಿಟಕಿ ತೆರೆದಿಟ್ಟು ಗಾಳಿಯಿಂದ ಹಿಡಿಯಬೇಕು ಎಂಬುದು ಕಟ್ಟುಕತೆ. ತೌಡು ಸಮೇತ ಬೀಸಿದ ಗೋಧಿ ಹಿಟ್ಟಿನಲ್ಲಿ ಅವು ಹೆಚ್ಚಿರುವುದರಿಂದ ಶುರುವಿಗೆ ಮೈದಾಕ್ಕಿಂತ ಅದೇ ಲೇಸು. ಸಮತೂಕದ ಹಿಟ್ಟು-ನೀರು ಕಲಸಿ, ದಿನವೂ ಸ್ವಲ್ಪ ಉಳಿಸಿಕೊಂಡು ಹೊಸ ಹಿಟ್ಟು-ನೀರು ಸೇರಿಸುತ್ತಾ ಹೋಗುವುದಷ್ಟೇ ಕೆಲಸ, ಮೊಸರಿನ ಹೆಪ್ಪನ್ನು ದಿನದಿಂದ ದಿನಕ್ಕೆ ದಾಟಿಸಿದ ಹಾಗೆ. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಎರಡನೆಯ ಅಥವಾ ಮೂರನೆಯ ದಿನ ಹಿಟ್ಟು ಬುಸ್ಸೆಂದು ಉಬ್ಬಿ ಬಾಟಲಿ ದಾಟಿ ಹರಿಯುತ್ತದೆ. ಹುಳಿ ಬಂತು ಎಂದು ಅಂದೇ ಬನ್ನು ಮಾಡಿದರೆ ಕೈಗೆ ಸಿಗುವುದು ಕಲ್ಲು. ಆ ಗಾಳಿ ಯೀಸ್ಟಿನದಲ್ಲ, ಲ್ಯುಕೋನೋಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳದು. ಇಡ್ಲಿ ಹಿಟ್ಟನ್ನು ಉಬ್ಬಿಸುವ ಮುಖ್ಯ ಜೀವಿ ಇದೇ ಕುಲದ್ದೆಂದು 1965ರಲ್ಲೇ ಸಂಶೋಧಕರು ತೋರಿಸಿದ್ದರು. ಗೋಧಿ ಹಿಟ್ಟಿನಲ್ಲಿ ಹುಳಿ ಏರುತ್ತಿದ್ದಂತೆ ಇವು ಸೋತು ಸುಮ್ಮನಾಗುತ್ತವೆ, ಹಿಟ್ಟು ಎರಡು ಮೂರು ದಿನ ಸತ್ತಂತೆ ಬಿದ್ದಿರುತ್ತದೆ. ಚೆಲ್ಲಿಬಿಡುವವರು ಚೆಲ್ಲುವುದು ಆಗಲೇ. ಬಿಡದೆ ಉಣಿಸಿದರೆ ಒಂದೆರಡು ವಾರದೊಳಗೆ ಹುಳಿ ತಾಳುವ ಯೀಸ್ಟ್ ಮೇಲುಗೈ ಪಡೆದು, ಪ್ರತಿ ಸಲವೂ ಒಂದೇ ಲೆಕ್ಕದಲ್ಲಿ ಇಮ್ಮಡಿಯಾಗಿ ಉಬ್ಬಲು ತೊಡಗುತ್ತದೆ. ನೂರು ವರ್ಷ ಹಳೆಯದು, ಸ್ಯಾನ್ ಫ್ರಾನ್ಸಿಸ್ಕೊದ್ದು ಎಂದು ಹೇಳಿಕೊಂಡು ಮಾರುವ ಸ್ಟಾರ್ಟರಿಗೆ ದುಡ್ಡು ಸುರಿಯಬೇಕಿಲ್ಲ. ನಾಲ್ಕು ಖಂಡಗಳ 500 ಸ್ಟಾರ್ಟರ್‌ಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಊರಿಗೂ ಒಳಗಿನ ಜೀವಿಗಳಿಗೂ ಹೇಳಿಕೊಳ್ಳುವಂಥ ನಂಟಿಲ್ಲ ಎಂದು ಕಂಡುಕೊಂಡಿದೆ.

ಎರಡನೆಯ ಆಕ್ಷೇಪ ರುಚಿಯದು: ಊಟದ ಜೊತೆಯ ಬನ್ನು ಹುಳಿಯಾಗಿದ್ದರೆ ಮಕ್ಕಳು ಮುಟ್ಟುವುದಿಲ್ಲ. ನಿಜ, ಆದರೆ ಹುಳಿ ಎಷ್ಟಿರಬೇಕೆಂಬುದು ಮಾಡುವವರ ಕೈಯಲ್ಲಿದೆ, ನಿರ್ಧರಿಸುವುದು ಹೊತ್ತು ಮತ್ತು ಸೆಖೆ. ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಲಿಯೊ ಕ್ಲೈನ್ ಮತ್ತು ಸುಗಿಹಾರ 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬ್ರೆಡ್ಡಿನ ಜೀವಿಗಳನ್ನು ಬೇರ್ಪಡಿಸಿ ನೋಡಿದರು. ಆ ಬ್ಯಾಕ್ಟೀರಿಯಾಕ್ಕೆ ಊರಿನ ಹೆಸರೇ ನಿಂತಿತು, ಮುಂದೆ ಅದು ಯುರೋಪಿನ ಹಿಟ್ಟುಗಳಲ್ಲೂ ಧಾರಾಳವಾಗಿ ಸಿಕ್ಕಿದ್ದು ಬೇರೆ ಮಾತು. ಆ ಬ್ರೆಡ್ಡಿನ ಯೀಸ್ಟ್-ಬ್ಯಾಕ್ಟೀರಿಯಾ ಜೋಡಿಯಲ್ಲಿ ಯೀಸ್ಟ್ ಚುರುಕಾಗಿ ಬೆಳೆಯುವುದು 27 ಡಿಗ್ರಿ ಆಸುಪಾಸಿನಲ್ಲಿ, ಬ್ಯಾಕ್ಟೀರಿಯಾ 32ರ ಆಸುಪಾಸಿನಲ್ಲಿ. 35 ದಾಟಿದರೆ ಯೀಸ್ಟ್ ಕೈಚೆಲ್ಲುತ್ತದೆ, ಬ್ಯಾಕ್ಟೀರಿಯಾ ಇನ್ನೂ ದುಡಿಯುತ್ತಿರುತ್ತದೆ. ಮಂಗಳೂರಿನ ಅಥವಾ ರಾಯಚೂರಿನ ಏಪ್ರಿಲ್‌ನಲ್ಲಿ ಹಿಟ್ಟು ಉಬ್ಬುವ ಮೊದಲೇ ಹುಳಿಯಾಗಿ, ನೀರೊಡೆದಂತೆ ಅಂಟಂಟಾಗುವುದು ಇದರಿಂದಲೇ: ಹುಳಿ ಹೆಚ್ಚಿದಷ್ಟೂ ಹಿಟ್ಟಿನ ಸ್ವಂತ ಕಿಣ್ವಗಳು ಗ್ಲುಟೆನ್ನಿನ ಜಾಲವನ್ನು ಕಡಿಯುತ್ತವೆ. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ತಿಂಗಳು ಈ ತೊಂದರೆ ಇಲ್ಲ. ಯುರೋಪಿನ ಪುಸ್ತಕ ಹೇಳಿದ ಗಂಟೆಗಳನ್ನು ಕರಾವಳಿಯಲ್ಲಿ ಪಾಲಿಸಿದರೆ ಕೆಡುವುದು ಖಂಡಿತ. ಅಲ್ಲಿ ಮಾಡಬೇಕಾದದ್ದು, ಒಂದು ಪಾಲು ಹಳೆಯ ಸ್ಟಾರ್ಟರಿಗೆ ಐದು ಪಾಲು ಹಿಟ್ಟು, ಐದು ಪಾಲು ತಣ್ಣೀರು. ಹಿಟ್ಟು ಕಲಸಲು ಫ್ರಿಜ್ಜಿನಿಂದ ತೆಗೆದ ಹಾಲು. ಸ್ಟಾರ್ಟರ್ ಗುಮ್ಮಟದಂತೆ ಉಬ್ಬಿ, ನಡುವೆ ತಗ್ಗು ಬೀಳುವ ಮೊದಲೇ ಬಳಸಬೇಕು. ಆಗ ಅದರ ವಾಸನೆ ಎಳೆ ಮೊಸರಿನಂತಿರುತ್ತದೆ. ವಿನಿಗರ್ ಘಾಟು ಹೊಡೆದರೆ ಹೊತ್ತು ಮೀರಿದೆ. ಇನ್ನೆರಡು ಸಲ ಉಣಿಸಿ ಸರಿಪಡಿಸಿಕೊಳ್ಳಬೇಕು.

ಅಳತೆ ಹೀಗಿದ್ದರೆ ಸಾಕು: 500 ಗ್ರಾಂ ಮೈದಾ, 260 ಗ್ರಾಂ ಹಾಲು, 110 ಗ್ರಾಂ ಸ್ಟಾರ್ಟರ್, 60 ಗ್ರಾಂ ಬೆಣ್ಣೆ, 40 ಗ್ರಾಂ ಸಕ್ಕರೆ, 10 ಗ್ರಾಂ ಉಪ್ಪು. ಇದರಿಂದ 80 ಗ್ರಾಂ ತೂಕದ ಹನ್ನೆರಡು ರೋಲ್ ಆಗುತ್ತವೆ. ಹಳೆಯ ಅಮೆರಿಕನ್ ಅಡುಗೆ ಪುಸ್ತಕಗಳು ಹಾಲನ್ನು ಕುದಿಯ ಹತ್ತಿರ ಕಾಯಿಸಿ ಆರಿಸಿ ಎಂದು ಒತ್ತಿ ಹೇಳುತ್ತವೆ, ಹಸಿ ಹಾಲಿನ ಕೆಲವು ಪ್ರೋಟೀನ್‌ಗಳು ಹಿಟ್ಟನ್ನು ಸಡಿಲ ಮಾಡುವುದರಿಂದ. ಹಾಲು ಕಾಯಿಸದೆ ಬಳಸುವ ಅಭ್ಯಾಸವೇ ಇಲ್ಲದ ನಮಗೆ ಆ ಕೆಲಸ ಮೊದಲೇ ಮುಗಿದಿರುತ್ತದೆ. ಬೆಣ್ಣೆಯನ್ನು ಮಾತ್ರ ಮೊದಲೇ ಹಾಕಬಾರದು. ಹಾಲು, ಹಿಟ್ಟು, ಸ್ಟಾರ್ಟರ್ ಕಲಸಿ ಅರ್ಧ ಗಂಟೆ ಬಿಟ್ಟು, ಉಪ್ಪು-ಸಕ್ಕರೆ ಸೇರಿಸಿ ಹತ್ತು ನಿಮಿಷ ನಾದಿದ ಮೇಲೆ ಮೆತ್ತನೆಯ ಬೆಣ್ಣೆಯನ್ನು ಚೂರುಚೂರಾಗಿ ಹಾಕುತ್ತಾ ಹೋಗಬೇಕು. ಮೊದಲ ಚೂರು ಬಿದ್ದಾಗ ಹಿಟ್ಟು ಹರಿದು, ಜಿಡ್ಡಾಗಿ, ಕೈಗೆಲ್ಲ ಮೆತ್ತಿಕೊಂಡು ಎಲ್ಲ ಹಾಳಾಯಿತೇನೋ ಎನಿಸುತ್ತದೆ. ಒಣ ಹಿಟ್ಟು ಉದುರಿಸುವ ಆಸೆ ಬರುವುದು ಆಗಲೇ. ತಡೆದುಕೊಂಡು ನಾದಿದರೆ ಐದಾರು ನಿಮಿಷಕ್ಕೆ ಹಿಟ್ಟು ಮತ್ತೆ ಒಂದಾಗಿ, ಕೈ ಬಿಟ್ಟು ಬರುತ್ತದೆ, ಚೂರು ಎಳೆದು ಬೆಳಕಿಗೆ ಹಿಡಿದರೆ ಹರಿಯದೆ ತೆಳ್ಳನೆಯ ಪೊರೆಯಾಗುತ್ತದೆ. 26 ಡಿಗ್ರಿಯಲ್ಲಿ ನಾಲ್ಕೈದು ಗಂಟೆಯಲ್ಲಿ ಅದು ಒಂದೂವರೆ ಪಟ್ಟು ಉಬ್ಬಬೇಕು. ಆಮೇಲೆ ರಾತ್ರಿ ಫ್ರಿಜ್ಜಿಗೆ. ತಣ್ಣಗಾಗಿ ಬೆಣ್ಣೆ ಗಟ್ಟಿಯಾದ ಹಿಟ್ಟನ್ನು ಬೆಳಿಗ್ಗೆ ಉಂಡೆ ಕಟ್ಟುವುದು ಚಪಾತಿ ಉಂಡೆ ಕಟ್ಟುವಷ್ಟೇ ಸುಲಭ. ಟ್ರೇಯಲ್ಲಿ ಜೋಡಿಸಿ ಎರಡು ಮೂರು ಗಂಟೆ ಬಿಟ್ಟು, ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಅರೆಬರೆ ತುಂಬಿಕೊಂಡರೆ ಒಲೆಗೆ ಹೊತ್ತಾಯಿತು. ನೆತ್ತಿ ಬೇಗ ಕೆಂಪಾದರೆ ಫಾಯಿಲ್ ಮುಚ್ಚಬೇಕು, ಓಟಿಜಿಯಲ್ಲಿ ಇದು ಹೆಚ್ಚುಕಡಿಮೆ ಪ್ರತಿ ಸಲದ ಕತೆ.

ಇಷ್ಟೆಲ್ಲ ಏಕೆ, ಪ್ಯಾಕೆಟ್ ಯೀಸ್ಟ್ ಎರಡು ಮೂರು ಗಂಟೆಯಲ್ಲಿ ಮುಗಿಸುತ್ತದಲ್ಲ ಎಂಬುದು ಮೂರನೆಯ ಆಕ್ಷೇಪ, ನಿಜಕ್ಕೂ ತೂಕದ್ದು. ಸಂಜೆ ನೆಂಟರು ಬರುವರೆಂದು ಮಧ್ಯಾಹ್ನ ಗೊತ್ತಾದರೆ ಯೀಸ್ಟೇ ಸರಿ, ಅದರಲ್ಲಿ ಅವಮಾನವೇನಿಲ್ಲ. ಆರೋಗ್ಯದ ಹೆಸರಿನಲ್ಲಿ ಹುಳಿಹಿಟ್ಟನ್ನು ಹೊಗಳುವವರ ಮಾತೂ ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಹುಳಿಯಲ್ಲಿ ಗೋಧಿಯ ಫೈಟಿಕ್ ಆಮ್ಲ ಒಡೆದು ಕಬ್ಬಿಣ, ಸತುವಿನ ಅಂಶ ಮೈಗೆ ಹೆಚ್ಚು ದಕ್ಕುತ್ತದೆ ಎಂಬುದು ನಿಜವೇ. ಆದರೆ ಆ ಆಮ್ಲ ಇರುವುದು ಬಹುಪಾಲು ತೌಡಿನಲ್ಲಿ, ತೌಡು ತೆಗೆದ ಮೈದಾದಲ್ಲಿ ಒಡೆಯಲು ಹೆಚ್ಚೇನೂ ಉಳಿದಿರುವುದಿಲ್ಲ. ಆ ಲಾಭ ಬೇಕಿದ್ದವರು ಮೂರನೆಯ ಒಂದು ಪಾಲು ಗೋಧಿ ಹಿಟ್ಟು ಬೆರೆಸಲಿ, ನಮ್ಮ ಚಕ್ಕಿ ಹಿಟ್ಟು ನೀರನ್ನು ಹೆಚ್ಚು ಕುಡಿಯುವುದರಿಂದ ಹಾಲನ್ನೂ ತುಸು ಹೆಚ್ಚಿಸಲಿ. ಸೀಲಿಯಾಕ್ ಕಾಯಿಲೆ ಇದ್ದವರಿಗಂತೂ ಗೋಧಿಯ ಹುಳಿಹಿಟ್ಟು ಯಾವ ರೂಪದಲ್ಲೂ ಸಲ್ಲದು. ಹುಳಿ ಗ್ಲುಟೆನ್ನನ್ನು ಇಲ್ಲವಾಗಿಸುತ್ತದೆ ಎಂಬ ಪ್ರಚಾರ ಅಪಾಯಕಾರಿ. ಸಕ್ಕರೆ-ಬೆಣ್ಣೆಯ ಹಿಟ್ಟಿನಲ್ಲಿ ಕಾಡು ಯೀಸ್ಟ್ ನಿಧಾನ ಎಂಬ ಮಾತೂ ಸರಿ. ಸಕ್ಕರೆ ನೀರನ್ನು ಎಳೆದುಕೊಂಡು ಯೀಸ್ಟನ್ನು ಬಾಯಾರಿಸುತ್ತದೆ. ಮೇಲಿನ ಅಳತೆಯಲ್ಲಿ ಅದು ಹಿಟ್ಟಿನ ಶೇಕಡ 8 ಮಾತ್ರ, ಆದ್ದರಿಂದ ಆಗುವುದು ಒಂದೆರಡು ಗಂಟೆಯ ತಡ. ಆ ಗಂಟೆಗಳಲ್ಲೂ ಮನುಷ್ಯ ಮಾಡುವ ಕೆಲಸವೇನಿಲ್ಲ, ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟಿನ ಮುಂದೆ ಯಾರೂ ಎದ್ದು ಕೂತಿರುವುದಿಲ್ಲವಲ್ಲ.

ಹೆಚ್ಚುವರಿ ಹೊತ್ತಿಗೆ ಪ್ರತಿಫಲ ಸಿಗುವುದು ರುಚಿಯಲ್ಲಿ, ಮತ್ತು ಅದಕ್ಕಿಂತ ಖಚಿತವಾಗಿ ಬಾಳಿಕೆಯಲ್ಲಿ. ಸೆಖೆ, ತೇವ ಎರಡೂ ಇರುವ ಊರುಗಳಲ್ಲಿ ಮನೆಯ ಬ್ರೆಡ್ಡು ಒಳಗಿನಿಂದಲೇ ಕೆಡುವುದುಂಟು: ಒಲೆಯ ಶಾಖಕ್ಕೂ ಸಾಯದ ಬ್ಯಾಸಿಲಸ್ ಬೀಜಾಣುಗಳು ಎದ್ದು, ಮುರಿದರೆ ನೂಲು ನೂಲಾಗಿ ಅಂಟು ಬರುತ್ತದೆ, ಹಳಸಿದ ಹಣ್ಣಿನ ವಾಸನೆ ಹೊಡೆಯುತ್ತದೆ. ಹುಳಿಯಲ್ಲಿ ಆ ಬೀಜಾಣುಗಳು ಚಿಗುರುವುದಿಲ್ಲ. ನಾಲಿಗೆಗೆ ಅಷ್ಟಾಗಿ ತಿಳಿಯದ ಹದವಾದ ಹುಳಿಯೂ ಅವನ್ನು ಹಿಡಿದಿಡುತ್ತದೆ. ಬೂಷ್ಟು ಬರುವುದೂ ತಡ. ಕೆಡದಿರಲೆಂದು ಫ್ರಿಜ್ಜಿಗೆ ತಳ್ಳಿದರೆ ಮಾತ್ರ ಇದೆಲ್ಲ ವ್ಯರ್ಥ, ಏಕೆಂದರೆ ಬೆಂದ ಪಿಷ್ಟ ಮತ್ತೆ ಗಟ್ಟಿಯಾಗುವುದು ಆ ತಂಪಿನಲ್ಲೇ ಎಲ್ಲಕ್ಕಿಂತ ಬೇಗ. ಎರಡು ದಿನಕ್ಕೆ ಬೇಕಾದಷ್ಟು ರೋಲ್ ಡಬ್ಬಿಯಲ್ಲಿರಲಿ, ಉಳಿದದ್ದು ಫ್ರೀಜರಿಗೆ ಹೋಗಲಿ. ಬೇಕಾದಾಗ 150 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಿದರೆ ಮೊದಲ ದಿನದ ಮೆದು ಬಹುಪಾಲು ವಾಪಸು ಬರುತ್ತದೆ. ದೊಡ್ಡ ಲೋಫಾದರೆ ಹೀಗೆ ಬೇಕಾದಷ್ಟೇ ತೆಗೆಯಲು ಮೊದಲೇ ಹೋಳು ಮಾಡಿ ಕಟ್ಟಿಡಬೇಕು, ರೋಲಿಗೆ ಆ ತಾಪತ್ರಯವೂ ಇಲ್ಲ.