ಕಾಲ್ನಡಿಗೆಯ ಪಾಠ ಹೇಳುವ ಕಾವಲುಗಳು

ಹೆಗಲಿಗೊಂದು ಚೀಲ ಹಾಕಿಕೊಂಡು ಒಬ್ಬಂಟಿಯಾಗಿ ನಾಡಿನ ಉದ್ದಗಲ ನಡೆಯಹೊರಟವರನ್ನು ಮೊದಲು ಸೋಲಿಸುವುದು ದೂರವಲ್ಲ, ನೀರು. ಆಮೇಲಿನದು ನೆರಳು, ರಾತ್ರಿಯ ತಂಗುದಾಣ ಮತ್ತು ಋತುಮಾನ. ಎಷ್ಟೇ ಗಟ್ಟಿಯಾದ ಕಾಲಿದ್ದರೂ ಮುಂದಿನ ಊರಿನ ಕೆರೆ ಬತ್ತಿದ್ದರೆ ಪ್ರಯೋಜನವಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಈ ಕಷ್ಟಗಳೆಲ್ಲ ಒಟ್ಟಿಗೇ ಎದುರಾಗುತ್ತವೆ. ತರೀಕೆರೆಯ ಪಶ್ಚಿಮಕ್ಕೆ ಮಲೆನಾಡು. ಬಾಬಾಬುಡನ್ ಗಿರಿಶ್ರೇಣಿ ಮುಂಗಾರು ಮೋಡಗಳನ್ನು ತಡೆಯುವುದರಿಂದ ಪೂರ್ವಕ್ಕಿರುವ ಕಡೂರು, ಅಜ್ಜಂಪುರಗಳ ಬಯಲಿಗೆ ಸಿಗುವುದು ಅಳಿದುಳಿದ ಮಳೆ. ಗಿರಿಯ ನೀರನ್ನು ಹಿಡಿದಿಡುವುದು ಅಯ್ಯನಕೆರೆ, ಮದಗದ ಕೆರೆಗಳಂಥ ಹಳೆಯ ಕೆರೆಗಳು. ಇವುಗಳಿಂದ ಹೊರಡುವ ವೇದಾ ಮತ್ತು ಅವತಿ ಹಳ್ಳಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಇಲ್ಲಿ ನಡೆಯುವವರು ದಾರಿ ಕೇಳುವ ಮೊದಲು ಕೆರೆ ಎಲ್ಲಿದೆಯೆಂದು ಕೇಳಬೇಕು.

ಈ ಪ್ರಶ್ನೆಗೆ ಮೂರು ಶತಮಾನಗಳ ಹಿಂದೆಯೇ ಉತ್ತರ ಕಂಡುಕೊಂಡದ್ದು ಅಮೃತಮಹಲ್ ದನಗಳ ವ್ಯವಸ್ಥೆ. ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದ ಅರಮನೆಯ ದನಗಳ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಈ ತಳಿಯ ಖ್ಯಾತಿ ಹಾಲಿನಿಂದ ಬಂದದ್ದಲ್ಲ, ನಡಿಗೆಯಿಂದ ಬಂದದ್ದು. ಇದರ ಬಲದಿಂದ ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ 100 ಮೈಲಿ, ಅಂದರೆ ಸುಮಾರು 160 ಕಿ.ಮೀ. ಸಾಗಿದನೆಂದು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ.

ಅಂಥ ನಡಿಗೆ ಕೊಟ್ಟಿಗೆಯಲ್ಲಿ ಬರುವಂಥದಲ್ಲ. ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ‘ಕಾವಲು’ಗಳು. ಇಂದಿನ ಚಿಕ್ಕಮಗಳೂರು, ಹಾಸನ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಹರಡಿಕೊಂಡಿದ್ದ ಇವುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ಬೇಸಿಗೆಯ ಕಾವಲೆಂದರೆ ಮರಗಳ ನೆರಳು ಮತ್ತು ನೀರಿಳಿದ ಕೆರೆಯಂಗಳದ ಹಸಿ ಹುಲ್ಲು ಇರುವ ಜಾಗ. ಋತು ಬದಲಾದಂತೆ ದನಗಾಹಿಗಳು ಹಿಂಡನ್ನು ನಡೆಸಿಕೊಂಡು ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊರಡುತ್ತಿದ್ದರು. ನೀರು, ನೆರಳು, ತಂಗುದಾಣ, ಋತು ಈ ನಾಲ್ಕೂ ದಾರಿಯಲ್ಲೇ ಲೆಕ್ಕ ಹಾಕಿ ಇಟ್ಟಂತಿದ್ದವು.

ಈ ಸರಪಣಿ ಒಮ್ಮೆ ಪೂರ್ತಿಯಾಗಿ ಕಡಿದುಹೋದದ್ದೂ ಉಂಟು. ಖರ್ಚು ಉಳಿಸಲೆಂದು ಬ್ರಿಟಿಷರು 1860ರಲ್ಲಿ ಹಿಂಡುಗಳನ್ನು ಮಾರಿಬಿಟ್ಟರು. ಒಳ್ಳೆಯ ಎತ್ತುಗಳು ಸಿಗದಂತಾದಾಗ 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. ಇಂದು ತಳಿಯನ್ನು ಉಳಿಸುವ ಕೆಲಸದ ಕೇಂದ್ರ ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ.

ತಳಿ ಉಳಿದರೂ ದಾರಿ ಉಳಿಯುವುದೇ? ಸ್ವಾತಂತ್ರ್ಯಾನಂತರ ಕಾವಲುಗಳ ಬಹುಭಾಗ ಸಾಗುವಳಿಗೆ ಹಾಗೂ ಸರ್ಕಾರದ ನಾನಾ ಯೋಜನೆಗಳಿಗೆ ಹೋಗಿದೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಮಂಜೂರಾದಾಗ, ಅಲ್ಲಿ ಕುರಿ-ದನ ಮೇಯಿಸುತ್ತಿದ್ದ ಹಳ್ಳಿಗರು ಪ್ರತಿಭಟಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಕಥೆ ಬೇರೆ. ಕೃಷ್ಣಮೃಗಗಳಿರುವ ಸುಮಾರು 736 ಹೆಕ್ಟೇರಿನ ಈ ಹುಲ್ಲುಗಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಆದರೆ ಒಂದು ಕಾವಲು ಉಳಿದರೆ ಅದು ಬರಿಯ ಹುಲ್ಲುಗಾವಲು. ಮುಂದಿನ ಕಾವಲೂ ಉಳಿದಿದ್ದರೆ ಮಾತ್ರ ಅದು ದಾರಿಯ ಒಂದು ಭಾಗ. ಒಂದೇ ಕಡೆ ವರ್ಷವಿಡೀ ಮೇದರೆ ಹುಲ್ಲೂ ಸವೆಯುತ್ತದೆ, ನಡೆದು ಗಟ್ಟಿಯಾಗಬೇಕಾದ ಕಾಲೂ ಸೊರಗುತ್ತದೆ. ಒಬ್ಬಂಟಿಯಾಗಿ ದೂರ ನಡೆಯುವವರಿಗೂ ಈ ಮಾತು ಅನ್ವಯಿಸುತ್ತದೆ. ಅವರು ನಂಬಿ ಹೊರಡುವುದು ತಮ್ಮ ಕಾಲನ್ನಷ್ಟೇ ಅಲ್ಲ, ಸಂಜೆಯ ಹೊತ್ತಿಗೆ ಸಿಗಬೇಕಾದ ಕೆರೆಯನ್ನು, ಅದನ್ನು ಹೂಳು ತುಂಬದಂತೆ ಕಾಯ್ದುಕೊಂಡ ಊರನ್ನು.